ಗೇಟಿನ ಕೀಲಿ ಕೈಗೆ ಬಂದಾಗ

2024ರ ಅಕ್ಟೋಬರ್ ತಿಂಗಳು. ನಮ್ಮ ಆದೋನಿ ಸೀಮೆಯಲ್ಲಿ ಹತ್ತಿ ಬಿಡಿಸುವ ಕೆಲಸ ಸುರುವಾಗಿತ್ತು. ಬಳ್ಳಾರಿಯಲ್ಲಿ ಬಿ.ಇಡಿ. ಓದುತ್ತಿದ್ದ ನನ್ನ ಮಗಳು ರಜೆಗೆ ಊರಿಗೆ ಬಂದಿದ್ದಳು. ರಾತ್ರಿ ಊಟ ಮುಗಿಸಿ ಅಂಗಳದಲ್ಲಿ ಕೂತಾಗ, "ಅಪ್ಪಾ, ನಮ್ಮ ಮನಶ್ಶಾಸ್ತ್ರದ ಪುಸ್ತಕದಾಗ ಒಬ್ಬರ ಹೆಸರು ಬರ್ತೈತಿ. ಅವರು ಮೊನ್ನೆ ತೀರಿಕೊಂಡರಂತ" ಎಂದಳು. ಫಿಲಿಪ್ ಜಿಂಬಾರ್ಡೊ ಎಂಬ ಅಮೆರಿಕದ ಪ್ರಾಧ್ಯಾಪಕರು. ಅಕ್ಟೋಬರ್ 14ರಂದು, 91ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಮಾಡಿದ ಒಂದು ಪ್ರಯೋಗದ ಕಥೆಯನ್ನು ಮಗಳು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹೇಳತೊಡಗಿದಳು.

ನಾನು ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ ನೇಗಿಲು ಹಿಡಿದವನು. ಎರಡೂ ಭಾಷೆಯಲ್ಲಿ ನಾಲ್ಕು ಪದ ಕಟ್ಟುತ್ತೇನೆ ಎಂಬುದನ್ನು ಬಿಟ್ಟರೆ ಇಂಥ ವಿಷಯಗಳಿಗೂ ನನಗೂ ದೂರ. ಆದರೆ ಆಕೆ ಹೇಳುತ್ತ ಹೋದಂತೆ ನನ್ನ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಹಳೆಯ ಐದು ಸೆಲ್ಲಿನ ಬ್ಯಾಟರಿಯ ಕಡೆ ಹೋಯಿತು. ತುಕ್ಕು ಹಿಡಿದು ಎಷ್ಟೋ ವರ್ಷವಾಗಿದೆ. ಎಸೆಯಲು ಮನಸ್ಸು ಬಂದಿಲ್ಲ. ಯಾಕೆ ಎಂಬುದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಮಗಳಿಗೆ ಹೇಳಿದೆ. ಈಗ ಓದುಗ ಬಂಧುಗಳಿಗೂ ಹೇಳುತ್ತಿದ್ದೇನೆ.

ನೆಲಮಾಳಿಗೆಯ ಜೈಲು

ಮೊದಲು ಅಮೆರಿಕದ ಕಥೆ. 1971ನೆಯ ಇಸವಿ ಆಗಸ್ಟ್ ತಿಂಗಳು. ಕ್ಯಾಲಿಫೋರ್ನಿಯಾ ರಾಜ್ಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಒಂದು ಹುಸಿ ಜೈಲು ಕಟ್ಟಿದರು. ದಿನಕ್ಕೆ 15 ಡಾಲರ್ ಕೂಲಿ, ಎರಡು ವಾರದ ಕೆಲಸ, ಕಾಲೇಜು ಹುಡುಗರು ಬೇಕು ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಬಂದವರನ್ನೆಲ್ಲ ಪರೀಕ್ಷಿಸಿ, ಮೈಯಲ್ಲಿ ಮನಸ್ಸಿನಲ್ಲಿ ಏನೂ ಊನವಿಲ್ಲದ 24 ಮಂದಿಯನ್ನು ಆರಿಸಿದರು. ಯಾರು ಕೈದಿ, ಯಾರು ಕಾವಲುಗಾರ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದರು. ಅಂದರೆ ಇವನು ಕೆಟ್ಟವನು, ಅವನು ಒಳ್ಳೆಯವನು ಎಂದು ವಿಂಗಡಿಸಿದ್ದಲ್ಲ. ಎಲ್ಲ ಒಂದೇ ರಾಶಿಯ ಕಾಳು.

ಕೈದಿಗಳಾದವರನ್ನು ನಿಜವಾದ ಪೊಲೀಸರೇ ಮನೆಗೆ ಹೋಗಿ ಹಿಡಿದು ತಂದರು. ಅವರ ಹೆಸರು ತೆಗೆದು ಸಂಖ್ಯೆ ಕೊಟ್ಟರು. ಒಂದು ನಿಲುವಂಗಿ, ಕಾಲಿಗೆ ಸರಪಳಿ. ಕಾವಲುಗಾರರಿಗೆ ಖಾಕಿ ಬಟ್ಟೆ, ಕೈಯಲ್ಲಿ ಲಾಠಿ, ಕಣ್ಣಿಗೆ ಕನ್ನಡಿಯಂತೆ ಹೊಳೆಯುವ ಕಪ್ಪು ಕನ್ನಡಕ. ಆ ಕನ್ನಡಕದಿಂದ ಕಾವಲುಗಾರನಿಗೆ ಎದುರಿನವನು ಕಾಣುತ್ತಾನೆ, ಎದುರಿನವನಿಗೆ ಕಾವಲುಗಾರನ ಕಣ್ಣು ಕಾಣುವುದಿಲ್ಲ. ಜೈಲಿನ ಮೇಲಧಿಕಾರಿ ಸ್ವತಃ ಜಿಂಬಾರ್ಡೊ.

ಎರಡನೆಯ ದಿನವೇ ಕೈದಿಗಳು ದಂಗೆ ಎದ್ದರು. ಅದನ್ನು ಮುರಿದ ಮೇಲೆ ಕಾವಲುಗಾರರ ಕೈ ಬಿಗಿಯಾಗುತ್ತ ಹೋಯಿತು. ನಡುರಾತ್ರಿ ಎಬ್ಬಿಸಿ ಹಾಜರಿ ಕೂಗುವುದು, ದಂಡ ಹೊಡೆಸುವುದು, ಹಾಸಿಗೆ ಕಿತ್ತುಕೊಳ್ಳುವುದು, ಬರಿಗೈಯಲ್ಲಿ ಪಾಯಿಖಾನೆ ತೊಳೆಸುವುದು. ಎರಡು ವಾರ ನಡೆಯಬೇಕಿದ್ದ ಪ್ರಯೋಗವನ್ನು ಆರೇ ದಿನಕ್ಕೆ, ಆಗಸ್ಟ್ 20ರಂದು ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಐವರು ಕೈದಿಗಳನ್ನು ಮನಸ್ಸು ಕೆಟ್ಟಿತೆಂದು ಹೊರಗೆ ಕಳಿಸಿಯಾಗಿತ್ತು. ಇವರೆಲ್ಲ ಓರಗೆಯ ಹುಡುಗರೇ ಎಂಬುದನ್ನು ಮರೆಯಬಾರದು.

ನಮ್ಮ ಕಾಲುವೆಯ ಮೇಲೆ

ಈಗ ನನ್ನ ಕಥೆ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಿಂದ ಹೊರಟ ಕೆಳಮಟ್ಟದ ಕಾಲುವೆ ಬಳ್ಳಾರಿ ಜಿಲ್ಲೆ ದಾಟಿ ನಮ್ಮ ಕರ್ನೂಲು ಜಿಲ್ಲೆಗೆ ಬರುತ್ತದೆ. ನಮ್ಮೂರು ಒಂದು ಉಪಕಾಲುವೆಯ ಕೊನೆ ಭಾಗ. ಕೊನೆ ಭಾಗದ ರೈತನ ಪಾಡು ಪಂಕ್ತಿಯ ಕೊನೆಗೆ ಕೂತವನ ಊಟದಂತೆ. ಬಡಿಸುತ್ತ ಬಂದವರ ಕೈಯ ಪಾತ್ರೆಯಲ್ಲಿ ಉಳಿದರೆ ಉಂಟು, ಇಲ್ಲವಾದರೆ ಇಲ್ಲ.

1997ರಲ್ಲಿ ಆಗಿನ ಆಂಧ್ರಪ್ರದೇಶ ಸರ್ಕಾರ ನೀರಾವರಿಯ ಉಸ್ತುವಾರಿಯಲ್ಲಿ ರೈತರಿಗೂ ಪಾಲು ಕೊಡುವ ಕಾಯ್ದೆ ತಂದಿತು. ರಾಜ್ಯದ ತುಂಬ ಹತ್ತು ಸಾವಿರಕ್ಕೂ ಹೆಚ್ಚು ನೀರಿನ ಸಂಘಗಳಾದವು. ನಮ್ಮ ನೀರು ನಾವೇ ಹಂಚಿಕೊಳ್ಳೋಣ ಎಂಬ ಮಾತು ಊರೂರಿನಲ್ಲಿ ಕೇಳಿಬಂತು. ಒಳ್ಳೆಯ ಮಾತೇ. 2002ರಲ್ಲಿ ದೇಶಕ್ಕೆಲ್ಲ ಬರ ಬಿತ್ತು. ಕಾಲುವೆಯಲ್ಲಿ ನೀರು ಮೊಣಕಾಲಿಗೂ ಬರಲಿಲ್ಲ. ಆಗ ನಮ್ಮ ತೂಬಿನ ಕೆಳಗಿನ ರೈತರೆಲ್ಲ ಗುಡಿಯ ಕಟ್ಟೆಯ ಮೇಲೆ ಸೇರಿ, ಪಾಳಿಯ ಮೇಲೆ ನೀರು ಬಿಡುವುದು, ಅದನ್ನು ನೋಡಿಕೊಳ್ಳಲು ಒಬ್ಬನನ್ನು ನೇಮಿಸುವುದು ಎಂದು ತೀರ್ಮಾನಿಸಿದರು. "ಈತ ಪದ ಬರೆಯೋ ಮನುಷ್ಯ, ಮೆತ್ತಗಿನ ಮನುಷ್ಯ, ಯಾರ ಪಕ್ಷಾನೂ ಹಿಡಿಯಂಗಿಲ್ಲ" ಎಂದು ನನ್ನನ್ನು ಆರಿಸಿದರು. ನನಗೆ ಆಗ ಮೂವತ್ತು ದಾಟಿತ್ತು.

ಕೈಗೆ ಬಂದವು ಮೂರು ವಸ್ತು: ಗೇಟು ತಿರುಗಿಸುವ ಕೀಲಿ, ಪಾಳಿಯ ಪಟ್ಟಿ ಬರೆದ ಒಂದು ಪುಸ್ತಕ, ಐದು ಸೆಲ್ಲಿನ ಆ ಬ್ಯಾಟರಿ. ಊರಿನ ಹಿರಿಯರೊಬ್ಬರು ಹೆಗಲ ಮೇಲೆ ಕೈ ಇಟ್ಟು, "ಸ್ವಲ್ಪ ಗಟ್ಟಿಯಾಗಿರಬೇಕಪಾ. ಮೆತ್ತಗಾದ್ರೆ ಜನ ಕಾಲುವೆ ಸಮೇತ ನಿನ್ನ ನುಂಗಿಬಿಡ್ತಾರ" ಎಂದರು. ಆ ಮಾತು ನನಗೆ ಅಪ್ಪಣೆಯಂತೆ ಕೇಳಿಸಿತು.

ಮೊದಲ ವಾರ ಚೆನ್ನಾಗಿಯೇ ನಡೆಯಿತು. ಎರಡನೆಯ ವಾರಕ್ಕೆ ನನ್ನ ನಡಿಗೆ ಬದಲಾಯಿತು ಎಂದು ಹೆಂಡತಿ ಆಮೇಲೆ ಹೇಳಿದಳು. ರಾತ್ರಿ ಏರಿಯ ಮೇಲೆ ಹೋಗುತ್ತ ಎದುರು ಬಂದವರ ಮುಖಕ್ಕೇ ಬ್ಯಾಟರಿ ಬಿಡುತ್ತಿದ್ದೆ. ಬೆಳಕಿನ ಹಿಂದೆ ನಿಂತವನ ಮುಖ ಕಾಣುವುದಿಲ್ಲ. ಅವರು ಕಣ್ಣು ಕಿರಿದು ಮಾಡಿ, ಕೈ ಅಡ್ಡ ಹಿಡಿದು, "ನಾನಪಾ, ನಾನು" ಎನ್ನುತ್ತಿದ್ದರು. ನಾನು ಗುರುತು ಸಿಕ್ಕಮೇಲೂ ಒಂದು ಕ್ಷಣ ಬೆಳಕು ಹಾಗೇ ಹಿಡಿದಿರುತ್ತಿದ್ದೆ. ನಿಜ ಹೇಳಬೇಕಂದ್ರೆ ಅದರಲ್ಲಿ ಒಂದು ರುಚಿ ಇತ್ತು. ಮೇಲಿನ ಹೊಲದ ದೊಡ್ಡ ರೈತನೊಬ್ಬ ಡೀಸೆಲ್ ಎಂಜಿನ್ ಇಟ್ಟು ರಾತ್ರೋರಾತ್ರಿ ನೀರು ಎತ್ತುವುದು ನನಗೆ ಗೊತ್ತಿತ್ತು. ಆತ ನನ್ನನ್ನು "ಬರ್ರಿ ಅಧ್ಯಕ್ಷರೇ" ಎಂದು ಕರೆದು ಚಹಾ ಕೊಡಿಸುತ್ತಿದ್ದ. ನಾನು ಯಾವುದಕ್ಕೂ ಅಧ್ಯಕ್ಷನಾಗಿರಲಿಲ್ಲ. ಆದರೂ ಚಹಾ ಕುಡಿದು ಬರುತ್ತಿದ್ದೆ.

ಆಮೇಲೆ ಆ ರಾತ್ರಿ ಬಂತು. ವಾವೆಯಲ್ಲಿ ನನಗೆ ಚಿಗವ್ವ ಆಗಬೇಕಾದ ಒಬ್ಬ ಹೆಣ್ಣುಮಗಳು. ಗಂಡನಿಲ್ಲ. ಎರಡು ಎಕರೆಯಲ್ಲಿ ಮೆಣಸಿನ ಸಸಿ ಹಚ್ಚಿದ್ದಳು. ಅವಳ ಪಾಳಿ ಬೆಳಗಿನ ಜಾವಕ್ಕೆ. ಸಸಿ ಬಾಡುವುದನ್ನು ನೋಡಲಾರದೆ ಎರಡು ತಾಸು ಮೊದಲೇ ಬದು ಕಡಿದು ನೀರು ತಿರುಗಿಸಿಕೊಂಡಿದ್ದಳು. ಹಿಡಿದೆ. ಸಲಿಕೆ ಕಿತ್ತುಕೊಂಡೆ. ಬದು ಕಟ್ಟಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನ್ಯಾಯವಾಗಿರುತ್ತಿತ್ತು. ನಾನು ಬಿಡಲಿಲ್ಲ. "ಇವತ್ತಿನ ನಿನ್ನ ಪಾಳಿ ರದ್ದು. ಎಲ್ಲರೂ ನೋಡಲಿ, ಬೆಳಗಾಗೋ ತನಕ ಇಲ್ಲೇ ನಿಂದ್ರು" ಎಂದೆ. ತಾಯಿಯಂಥ ಹೆಂಗಸು ತಲೆಯ ಮೇಲೆ ಸೆರಗು ಹೊದ್ದು ಏರಿಯ ಮೇಲೆ ಬೆಳಗಾಗುವವರೆಗೆ ನಿಂತಳು. ಹೋಗಿ ಬರುವ ನಾಲ್ಕೈದು ಮಂದಿ ನೋಡಿದರು. ಯಾರೂ ಮಾತಾಡಲಿಲ್ಲ. ಒಬ್ಬ ಮಾತ್ರ, "ಸರಿಯಾಗಿ ಮಾಡಿದಿ" ಎಂದ.

ಪಾಳಿ ರದ್ದು ಮಾಡಬಹುದು ಎಂದು ಗುಡಿಯ ಕಟ್ಟೆಯ ಮೇಲೆ ಯಾರೂ ಹೇಳಿರಲಿಲ್ಲ. ನಿಲ್ಲಿಸಬಹುದು ಎಂದಂತೂ ಹೇಳಿರಲೇ ಇಲ್ಲ. ಆ ಕಾನೂನನ್ನು ಆ ರಾತ್ರಿ ನಾನೇ ಹುಟ್ಟಿಸಿದೆ.

ವೇಷದ ತಪ್ಪೋ, ವೇಷ ಕಟ್ಟಿಸಿದವರ ತಪ್ಪೋ?

ಮಗಳು ಜಿಂಬಾರ್ಡೊ ಅವರ ಕಥೆ ಹೇಳಿ ಮುಗಿಸಿದಾಗ ನನಗೆ ಮೊದಲು ಸಮಾಧಾನವಾಯಿತು. ಹಾಗಾದರೆ ತಪ್ಪು ನನ್ನದಲ್ಲ, ಕೀಲಿಯದು. ಯಾರ ಕೈಗೆ ಕೊಟ್ಟರೂ ಹೀಗೇ ಆಗುತ್ತಿತ್ತು ಅಂದುಕೊಂಡೆ. ಆದರೆ ಮಗಳು ಬಿಡಲಿಲ್ಲ. "ಕಥಿ ಇನ್ನೂ ಐತಪ್ಪಾ" ಎಂದಳು.

ಫ್ರಾನ್ಸ್ ದೇಶದ ತಿಬೊ ಲ ತೆಕ್ಸಿಯೆ ಎಂಬ ಸಂಶೋಧಕರು ಆ ಪ್ರಯೋಗದ ಹಳೆಯ ಕಾಗದಪತ್ರ, ಧ್ವನಿಮುದ್ರಿಕೆಗಳನ್ನೆಲ್ಲ ತೆಗೆದು ನೋಡಿ 2018ರಲ್ಲಿ ಪುಸ್ತಕ ಬರೆದರು. ಕಾವಲುಗಾರರು ತಾವಾಗಿಯೇ ಕ್ರೂರಿಗಳಾದರು ಎಂಬ ಮಾತು ಪೂರ್ತಿ ನಿಜವಲ್ಲ ಎಂದು ಅದರಿಂದ ತಿಳಿಯಿತು. ಕೈದಿಗಳಿಗೆ ತಾವು ಅಸಹಾಯಕರು ಅನ್ನಿಸುವಂತೆ ಮಾಡಬೇಕೆಂದು ಮೊದಲೇ ಅವರಿಗೆ ಹೇಳಲಾಗಿತ್ತು. ಮೆತ್ತಗಿದ್ದ ಒಬ್ಬ ಕಾವಲುಗಾರನನ್ನು ಕರೆದು, ಇನ್ನಷ್ಟು ಗಟ್ಟಿಯಾಗು ಎಂದು ಒತ್ತಾಯಿಸಿದ್ದು ಧ್ವನಿಮುದ್ರಿಕೆಯಲ್ಲೇ ಇದೆ. ಎಲ್ಲರಿಗಿಂತ ಕ್ರೂರನೆನಿಸಿಕೊಂಡವನು, ತಾನು ಸಿನಿಮಾ ಒಂದರ ಜೈಲಿನ ಅಧಿಕಾರಿಯನ್ನು ನೋಡಿ ಪಾತ್ರ ಮಾಡುತ್ತಿದ್ದೆ ಎಂದು ಮುಂದೆ ಹೇಳಿದ. ಇನ್ನೊಂದು ಸಂಗತಿ ನಮ್ಮಂಥವರು ಗಮನಿಸಬೇಕು: ಎಲ್ಲ ಕಾವಲುಗಾರರೂ ಕ್ರೂರಿಗಳಾಗಲಿಲ್ಲ. ಕೆಲವರು ನಿಯಮದಂತೆ ನಡೆದುಕೊಂಡರು, ಕೆಲವರು ಕೈದಿಗಳಿಗೆ ಸಣ್ಣಪುಟ್ಟ ಉಪಕಾರ ಮಾಡಿದರು. ಅದೇ ಖಾಕಿ, ಅದೇ ಕನ್ನಡಕ.

ಬ್ರಿಟನ್ನಿನಲ್ಲಿ ಅಲೆಕ್ಸ್ ಹಾಸ್ಲಮ್, ಸ್ಟೀಫನ್ ರೈಕರ್ ಎಂಬಿಬ್ಬರು ಬಿಬಿಸಿ ಜೊತೆಗೂಡಿ ಇಂಥದ್ದೇ ಒಂದು ಜೈಲು ಕಟ್ಟಿದರು. 2002ರಲ್ಲಿ ಅದು ಟಿ.ವಿ.ಯಲ್ಲಿ ಬಂತು. ಅಲ್ಲಿ ಹೀಗೆ ಮಾಡಿ, ಹಾಗೆ ಮಾಡಿ ಎಂದು ಯಾರೂ ಹುರಿದುಂಬಿಸಲಿಲ್ಲ. ಕಾವಲುಗಾರರು ಅಧಿಕಾರ ಚಲಾಯಿಸಲು ಹಿಂಜರಿದರು, ಕೈದಿಗಳೇ ಒಗ್ಗಟ್ಟಾಗಿ ವ್ಯವಸ್ಥೆಯನ್ನು ಮುರಿದರು.

ಇದನ್ನು ಕೇಳಿದ ಮೇಲೆ ನನಗೆ ದೊಡ್ಡಾಟ ನೆನಪಾಯಿತು. ನಮ್ಮೂರಿನಲ್ಲಿ ದುರ್ಯೋಧನನ ಪಾತ್ರ ಮಾಡುತ್ತಿದ್ದವರೊಬ್ಬರಿದ್ದರು. ರಾತ್ರಿಯೆಲ್ಲ ಗದೆ ತಿರುವಿ ಗರ್ಜಿಸಿ, ಬೆಳಗ್ಗೆ ಹಳ್ಳದಲ್ಲಿ ಮುಖದ ಬಣ್ಣ ತೊಳೆದು ಎತ್ತು ಬಿಡಲು ಹೋಗುತ್ತಿದ್ದರು. ಬಣ್ಣ ಇದೆ ಎಂದು ಅವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಅಧಿಕಾರದ ಬಣ್ಣ ಹಾಗಲ್ಲ. ಹಚ್ಚಿಕೊಂಡವನಿಗೆ ಅದು ತನ್ನ ಚರ್ಮವೇ ಎನ್ನಿಸುತ್ತದೆ. ತೊಳೆಯಲು ಹಳ್ಳ ಯಾವ ಕಡೆ ಇದೆ ಎಂಬುದೂ ಮರೆತುಹೋಗುತ್ತದೆ. ಹಾಗೆಂದು ಹಚ್ಚಿಕೊಂಡ ಮುಖ ಬೇರೆಯವರದಲ್ಲ. ಹಿರಿಯರು ನನಗೆ ಗಟ್ಟಿಯಾಗಿರು ಎಂದಿದ್ದು ನಿಜ. ಚಿಗವ್ವನನ್ನು ನಿಲ್ಲಿಸು ಎಂದು ಅವರು ಹೇಳಿರಲಿಲ್ಲ.

ಒಂದು ಮಾತು ಸಾಕಾಯಿತು

ಸ್ಟ್ಯಾನ್‌ಫರ್ಡಿನ ಆ ಜೈಲು ಆರೇ ದಿನಕ್ಕೆ ನಿಂತದ್ದು ಹೇಗೆ? ಕ್ರಿಸ್ಟಿನಾ ಮಾಸ್ಲಾಕ್ ಎಂಬ ತರುಣಿ ಆಗಷ್ಟೇ ಪಿಎಚ್.ಡಿ. ಮುಗಿಸಿದ್ದರು. ಜಿಂಬಾರ್ಡೊ ಅವರಿಗೆ ಆಪ್ತರು. ಮರುವರ್ಷ ಇಬ್ಬರೂ ಮದುವೆಯಾದರು. ಒಂದು ರಾತ್ರಿ ಅವರು ನೆಲಮಾಳಿಗೆಗೆ ಬಂದಾಗ, ತಲೆಗೆ ಕಾಗದದ ಚೀಲ ಹಾಕಿ, ಕಾಲಿಗೆ ಸರಪಳಿ ಕಟ್ಟಿ, ಕೈದಿಗಳನ್ನು ಸಾಲಾಗಿ ಪಾಯಿಖಾನೆಗೆ ನಡೆಸಿಕೊಂಡು ಹೋಗುತ್ತಿದ್ದರು. ಆ ಹುಡುಗರಿಗೆ ನೀವು ಮಾಡುತ್ತಿರುವುದು ಘೋರ ಎಂದು ಅವರು ಜಿಂಬಾರ್ಡೊ ಎದುರು ಜಗಳಕ್ಕೇ ನಿಂತರು. ಅದುವರೆಗೆ ಹೊರಗಿನ ಸುಮಾರು 50 ಮಂದಿ ಬಂದು ಆ ಜೈಲು ನೋಡಿದ್ದರು; ತಂದೆತಾಯಿಗಳು, ಒಬ್ಬ ಪಾದ್ರಿ ಕೂಡ ಅದರಲ್ಲಿದ್ದರು. ಇದು ಸರಿಯೇ ಎಂದು ಎದುರು ನಿಂತು ಕೇಳಿದವರು ಈಕೆ ಒಬ್ಬರೇ ಎಂದು ಜಿಂಬಾರ್ಡೊ ತಾವೇ ಹೇಳಿಕೊಂಡಿದ್ದಾರೆ. ಪ್ರಯೋಗ ಮಾಡುವ ವಿದ್ವಾಂಸರೂ ಜೈಲಿನ ಅಧಿಕಾರಿಯ ವೇಷದಲ್ಲಿ ಮುಳುಗಿಹೋಗಿದ್ದರು. ಮರುದಿನ ಬಾಗಿಲು ತೆರೆಯಿತು.

ನನ್ನ ಮನೆಯಲ್ಲಿ ಆ ಕೆಲಸ ಮಾಡಿದ್ದು ಅವ್ವ. ಅವ್ವ ಈಗಿಲ್ಲ. ಅಂದು ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು. ನಾನು ಊಟಕ್ಕೆ ಕೂತೆ. ರೊಟ್ಟಿ ಹಾಕಲಿಲ್ಲ. ತಲೆ ಎತ್ತದೆಯೇ ಕೇಳಿದಳು:

"ನೀರು ನಿಂದೇನಪಾ?"

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ನನಗೆ ಉತ್ತರ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ತೆಲುಗಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಎರಡೂ ಭಾಷೆಯಲ್ಲಿ ಅದನ್ನು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವನು ನಾನು. ಅಂದು ನಾನೇ ಆ ಪೂಜಾರಿ.

ಸಂಜೆ ಚಿಗವ್ವನ ಮನೆಗೆ ಹೋದೆ. "ತಪ್ಪಾತು" ಎಂದೆ. ಅವಳು ಕಟ್ಟಿಗೆ ಒಡೆಯುತ್ತಿದ್ದಳು. "ನನಗ್ಯಾಕ ಹೇಳ್ತಿ? ಹೊಲಕ್ಕ ಹೋಗಿ ಆ ಸಸಿಗೆ ಹೇಳು" ಎಂದಳು. ಹೋಗಿ ನೋಡಿದೆ. ಅರ್ಧದಷ್ಟು ಸಸಿ ಒಣಗಿ ಕೆಳಗೆ ಬಾಗಿದ್ದವು. ಆ ವರ್ಷ ಅವಳು ಕೂಲಿಗೆ ಹೋದಳು. ನನ್ನ ಪಾಲಿನ ಜೋಳದಲ್ಲಿ ಎರಡು ಚೀಲ ಕಳಿಸಿದೆ, ತಿರುಗಿ ಬಂದವು.

ಕೀಲಿ ಊರಾಡಲಿ

ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಮಿಲ್‌ಗ್ರಾಮ್ ಎಂಬುವರು 1961ರಲ್ಲೇ ಮಾಡಿದ ಇನ್ನೊಂದು ಪ್ರಯೋಗವನ್ನೂ ಮಗಳು ಹೇಳಿದಳು. ಪಕ್ಕದ ಕೋಣೆಯಲ್ಲಿ ಕೂತವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಕರೆಂಟು ಹೊಡೆಸಬೇಕು, ಪ್ರತಿ ಸಲ ಹೆಚ್ಚಿಸುತ್ತ ಹೋಗಬೇಕು. ಕರೆಂಟು ಸುಳ್ಳು, ಆದರೆ ಗುಂಡಿ ಒತ್ತುವವನಿಗೆ ಅದು ಗೊತ್ತಿಲ್ಲ. ಬಿಳಿ ಅಲ್ಲದಿದ್ದರೂ ಪ್ರಯೋಗಶಾಲೆಯ ಕೋಟು ತೊಟ್ಟ ಒಬ್ಬಾತ ಪಕ್ಕದಲ್ಲಿ ನಿಂತು, ಮುಂದುವರಿಸಿ ಎನ್ನುತ್ತಿದ್ದ. ಮೊದಲ ತಂಡಗಳೊಂದರಲ್ಲಿ 40 ಮಂದಿಯಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಒತ್ತಿದರು. ಆದರೆ ಜೊತೆಯಲ್ಲಿ ಕೂತ ಇಬ್ಬರು, ನಾವು ಒತ್ತುವುದಿಲ್ಲ ಎಂದು ಎದ್ದುಹೋದಾಗ, 40ರಲ್ಲಿ ನಾಲ್ವರು ಮಾತ್ರ ಕೊನೆ ಮುಟ್ಟಿದರು. ಒಬ್ಬರು ಬೇಡ ಎಂದರೆ ಇನ್ನೊಬ್ಬರಿಗೆ ಬಾಯಿ ಬರುತ್ತದೆ.

ಇರಾಕಿನ ಅಬು ಗ್ರೇಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಬೆತ್ತಲೆ ಮಾಡಿ ಅವಮಾನಿಸಿದ ಚಿತ್ರಗಳು 2004ರಲ್ಲಿ ಹೊರಬಿದ್ದವು. ಆ ಕಾವಲುಗಾರರಲ್ಲೊಬ್ಬನ ಪರವಾಗಿ ಜಿಂಬಾರ್ಡೊ ಸಾಕ್ಷಿ ನುಡಿದು, ಹಣ್ಣು ಮಾತ್ರವಲ್ಲ ಬುಟ್ಟಿಯೂ ಕೆಟ್ಟಿದೆ ಎಂಬ ಅರ್ಥದ ವಾದ ಮಾಡಿದರು. ನ್ಯಾಯಾಲಯ ಆತನಿಗೆ ಎಂಟು ವರ್ಷದ ಶಿಕ್ಷೆ ವಿಧಿಸಿತು. ಆ ಚಿತ್ರಗಳನ್ನು ತನಿಖೆಯವರ ಕೈಗೆ ಮುಟ್ಟಿಸಿದ್ದು ಜೋ ಡಾರ್ಬಿ ಎಂಬ ಸೈನಿಕ. ಆತನೂ ಅದೇ ಪಡೆಯ ಸಮವಸ್ತ್ರದವನೇ.

ನಮ್ಮ ತೂಬಿನ ಮೇಲೆ ಏನಾಯಿತು ಎಂದು ಕೇಳುತ್ತೀರಿ. ಮೂರನೆಯ ದಿನ ನಾನು ಗುಡಿಯ ಕಟ್ಟೆಯ ಮೇಲೆ ಎಲ್ಲರೆದುರು ಕೀಲಿ ಇಟ್ಟು ನಡೆದದ್ದನ್ನು ಹೇಳಿದೆ. ಇನ್ನೊಬ್ಬ ಒಳ್ಳೆಯವನನ್ನು ಹುಡುಕೋಣ ಎಂದರು ಕೆಲವರು. ನಾನೂ ಒಳ್ಳೆಯವನೆಂದೇ ನೀವು ಆರಿಸಿದ್ದಲ್ಲವೇ ಎಂದೆ. ಕೊನೆಗೆ ನಾಲ್ಕು ಕಟ್ಟಳೆ ಮಾಡಿಕೊಂಡೆವು. ಕೀಲಿ ಎಂಟು ದಿನಕ್ಕೊಬ್ಬರ ಕೈಗೆ ಹೋಗಬೇಕು, ಹೆಣ್ಣುಮಕ್ಕಳ ಹೆಸರಿನ ಹೊಲವಿದ್ದರೆ ಅವರ ಕೈಗೂ. ರಾತ್ರಿ ಏರಿಯ ಮೇಲೆ ಒಬ್ಬನೇ ಹೋಗಬಾರದು, ಇಬ್ಬರು ಹೋಗಬೇಕು. ಪಾಳಿಯ ಪಟ್ಟಿಯನ್ನು ಗುಡಿಯ ಗೋಡೆಯ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಕೀಲಿ ಹಿಡಿದವನು ಗೇಟು ಮುಚ್ಚಬಹುದು, ದಂಡ ಹಾಕುವಂತಿಲ್ಲ. ದಂಡದ ಮಾತು ಹಗಲು ಹೊತ್ತಿನಲ್ಲಿ, ಎಲ್ಲರೆದುರು, ತಪ್ಪು ಮಾಡಿದವರ ಮಾತನ್ನೂ ಕೇಳಿ.

ಇದರಿಂದ ರಾಮರಾಜ್ಯ ಬಂತೆಂದು ಸುಳ್ಳು ಹೇಳುವುದಿಲ್ಲ. ಜಗಳಗಳಾದವು. ಮೇಲಿನವರು ನೀರು ಎತ್ತುವುದು ನಿಲ್ಲಲಿಲ್ಲ. ಆದರೆ ಅಂದಿನಿಂದ ನಮ್ಮ ತೂಬಿನ ಮೇಲೆ ಯಾರನ್ನೂ ರಾತ್ರಿಯೆಲ್ಲ ನಿಲ್ಲಿಸಿಲ್ಲ. ಎಂಟು ದಿನದ ಮೇಲೆ ಕೀಲಿ ಕೈಬಿಡುತ್ತದೆ, ಮುಂದಿನ ವಾರ ಇನ್ನೊಬ್ಬರ ಎದುರು ನಾನು ನೀರು ಕೇಳಬೇಕು ಎಂಬ ಅರಿವಿದ್ದವನ ನಾಲಿಗೆ ತಾನಾಗಿಯೇ ಮೆತ್ತಗಾಗುತ್ತದೆ.

ಈ ಪುಟ ಓದುವವರಲ್ಲಿ ಮಾರುಕಟ್ಟೆಯಲ್ಲಿ ಕಾಟಾ ಹಿಡಿಯುವವರಿದ್ದೀರಿ, ಹಮಾಲರ ಮೇಲೆ ಮೇಸ್ತ್ರಿಗಳಾದವರಿದ್ದೀರಿ, ಸೊಸೈಟಿಯ ನಿರ್ದೇಶಕರಿದ್ದೀರಿ, ಗೊಬ್ಬರದ ಅಂಗಡಿಯ ಮುಂದೆ ಸಾಲು ನಿಲ್ಲಿಸುವವರಿದ್ದೀರಿ. ಮನೆಯಲ್ಲಿ ಅತ್ತೆಯಾದವರೂ ಇರಬಹುದು. ಯಾವುದೋ ಒಂದು ಕೀಲಿ ಎಲ್ಲರ ಕೈಯಲ್ಲೂ ಇದೆ. ನಾನು ಒಳ್ಳೆಯವನು, ನನಗೆ ಹಾಗಾಗದು ಎಂಬ ಭರವಸೆಯೊಂದನ್ನು ಮಾತ್ರ ಇಟ್ಟುಕೊಳ್ಳಬೇಡಿ. ನನ್ನನ್ನು ಕೆಡಿಸಿದ್ದು ಅದೇ. ಎದುರು ಕೂತು "ನೀರು ನಿಂದೇನಪಾ" ಎಂದು ಕೇಳುವವರನ್ನು ಮನೆಯಲ್ಲೊಬ್ಬರನ್ನು, ಹೊರಗೊಬ್ಬರನ್ನು ಉಳಿಸಿಕೊಳ್ಳಿ. ಅವರ ಬಾಯಿ ಮುಚ್ಚಿಸಬೇಡಿ.

ಚಿಗವ್ವ ಈಗಲೂ ಇದ್ದಾಳೆ. ಕಣ್ಣು ಮಂಜಾಗಿವೆ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ. ಆ ರಾತ್ರಿಯ ಮಾತು ಮಾತ್ರ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಕಥೆ ಕೇಳಿದ ಮೇಲೆ ಮಗಳು, "ಆ ಬ್ಯಾಟರಿ ಇನ್ನಾದರೂ ಗುಜರಿಗೆ ಹಾಕಪ್ಪಾ" ಎಂದಳು. ಬೇಡ, ಇರಲಿ ಎಂದೆ. ಈಗಲೂ ಅದೇ ಮೊಳೆಗಿದೆ.